ಈರುಳ್ಳಿ ಚೀಲ ಹೊರೋ ಹುಡುಗ ಕ್ಲಾಸಲ್ಲಿ ಯಾಕೆ ಸೋಮಾರಿ?

"ಈಗಿನ ಹುಡುಗ್ರಿಗೆ ಮೈ ಬಗ್ಗಲ್ಲ ಕಣ್ರೀ." ನಮ್ಮ ಸ್ಟಾಫ್ ರೂಮಿಗೆ ಟೀ ಬಂದಾಗೆಲ್ಲ ಅದರ ಹಿಂದೆನೇ ಈ ಮಾತೂ ಬರುತ್ತೆ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಮೇಷ್ಟ್ರು, ಎಂಟು ಒಂಬತ್ತು ಹತ್ತು ಮೂರೂ ಕ್ಲಾಸು ನಂದೇ, ಈ ಮಾತು ಮಾತ್ರ ನಂಗೆ ಗಂಟಲಲ್ಲಿ ಇಳಿಯಲ್ಲ. ಯಾಕಂದ್ರೆ ಮೈ ಬಗ್ಗಲ್ಲ ಅಂತ ನಾವು ಬೈಯೋ ಅದೇ ಹುಡುಗ ಈರುಳ್ಳಿ ಕೀಳೋ ಟೈಮಲ್ಲಿ ಬೆಳಕು ಹರಿಯೋಕ್ಮುಂಚೆ ಹೊಲದಲ್ಲಿರ್ತಾನೆ, ಕಿತ್ತಿದ್ದು ಸೊಪ್ಪು ಕೊಯ್ದು ಚೀಲ ತುಂಬಿ ಹೊಲಿದು ಲಾರಿಗೆ ಎತ್ತಿ ಆಮೇಲೆ ಸ್ಕೂಲಿಗೆ ಬಂದು ಮೂರನೇ ಪೀರಿಯಡ್ಡಿಗೆ ತೂಕಡಿಸ್ತಾನೆ. ಹೆಣ್ಮಕ್ಕಳ ಕಥೆ ಕೇಳೋದೇ ಬೇಡ, ನೀರು ಹಿಡಿದು ಪಾತ್ರೆ ತೊಳೆದು ತಮ್ಮನಿಗೆ ತಲೆ ಬಾಚಿ ಅವನ್ನ ಅಂಗನವಾಡಿಗೆ ಬಿಟ್ಟು ಬಂದಿರ್ತಾರೆ, ಪ್ರೇಯರಿಗೆ ಐದು ನಿಮಿಷ ಲೇಟಾದ್ರೆ ನಾವು ಗೇಟ್ ಹತ್ರ ನಿಲ್ಲಿಸ್ತೀವಿ.

ಆ ಹುಡುಗನ್ನೇ ಒಂದ್ಸಲ ಕೇಳಿದ್ದೆ, ಈ ಸಲ ಈರುಳ್ಳಿ ಎಷ್ಟಕ್ಕೆ ಹೋಯ್ತೋ ಅಂತ. ಯಶವಂತಪುರ ಮಾರ್ಕೆಟ್ಟಿಗೆ ಹಾಕಿದ್ವಿ ಸಾರ್ ಅಂತ ಶುರು ಮಾಡಿದವನು ಚೀಲ ಎಷ್ಟು, ಕ್ವಿಂಟಾಲಿಗೆ ರೇಟು ಎಷ್ಟು, ಅದ್ರಲ್ಲಿ ಲಾರಿ ಬಾಡಿಗೆ ಎಷ್ಟು ಹಮಾಲಿ ಎಷ್ಟು, ಖಾಲಿ ಚೀಲಕ್ಕೆ ಕೊಟ್ಟಿದ್ದು ಎಷ್ಟು, ಎಲ್ಲಾ ಕಳೆದು ಅಪ್ಪನ ಕೈಗೆ ಬಂದಿದ್ದು ಎಷ್ಟು ಅಂತ ಬಾಯಲ್ಲೇ ಒಪ್ಪಿಸಿಬಿಟ್ಟ. ಗಣಿತದಲ್ಲಿ ಅವನ ಟೆಸ್ಟ್ ಪೇಪರ್ ಖಾಲಿ. ಒಂದು ಲೆಕ್ಕಕ್ಕೂ ಕೈ ಹಾಕಿಲ್ಲ, ಪ್ರಶ್ನೆನ ನೀಟಾಗಿ ಎರಡು ಸಲ ಬರೆದಿಟ್ಟಿದಾನೆ ಅಷ್ಟೇ.

ಹೊಲದಲ್ಲಿ ಅವನಿಗೆ ಕೆಲಸ ಎಲ್ಲಿಂದ ಎಲ್ಲಿಗೆ ಅಂತ ಕಣ್ಣಿಗೆ ಕಾಣುತ್ತೆ. ಈ ಸಾಲು ಮುಗೀಬೇಕು, ಮಳೆ ಬರೋದ್ರೊಳಗೆ ಚೀಲ ಒಳಗೆ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಕೊಳೆಯುತ್ತೆ. ಕ್ಲಾಸಲ್ಲಿ ನಾವು ಹೇಳೋದು "ಕಷ್ಟಪಟ್ಟು ಓದ್ರೋ", "ಗಮನ ಕೊಡ್ರೋ", "ಎಸ್‌ಎಸ್‌ಎಲ್‌ಸಿ ಅಂದ್ರೆ ಆಟ ಅಲ್ಲ". ಇದ್ರಲ್ಲಿ ಹುಡುಗ ಎದ್ದು ಹೋಗಿ ಮಾಡೋಂಥ ಕೆಲಸ ಒಂದಾದ್ರೂ ಇದ್ಯಾ ಹೇಳಿ? ಓದೋದು ಅಂದ್ರೆ ಪುಸ್ತಕ ಮುಂದೆ ಇಟ್ಕೊಂಡು ತುಟಿ ಆಡಿಸೋದು ಅಂತ ತುಂಬಾ ಹುಡುಗ್ರು ಪ್ರಾಮಾಣಿಕವಾಗಿ ನಂಬಿದಾರೆ, ಗಣಿತಾನೂ ಹಂಗೇ ಓದ್ತಾರೆ, ಪೆನ್ನೇ ಹಿಡಿಯಲ್ಲ.

ಇನ್ನು ನೋಟ್ಸ್. ನಮ್ಮ ಹೈಸ್ಕೂಲುಗಳಲ್ಲಿ ದುಡಿಮೆ ಅನ್ನೋ ಹೆಸರಲ್ಲಿ ನಡೆಯೋ ಅತಿ ದೊಡ್ಡ ನಾಟಕ ನನ್ನ ಪ್ರಕಾರ ಈ ನೋಟ್ಸೇ. ನಮ್ಮಲ್ಲೊಂದು ಹುಡುಗಿಯ ನೋಟ್‌ಬುಕ್ ನೋಡಿದ್ರೆ ಇನ್‌ಸ್ಪೆಕ್ಷನ್‌ಗೆ ಬಂದವರು ಫೋಟೋ ತೆಕ್ಕೊಂಡು ಹೋಗ್ಬೇಕು ಹಂಗಿದೆ, ಹೆಡ್ಡಿಂಗ್‌ಗೆ ಸ್ಕೆಚ್ ಪೆನ್ನು, ಮಾರ್ಜಿನ್ನಿಗೆ ಹೂಬಳ್ಳಿ, ಒಂದು ಅಕ್ಷರ ಕಾಟು ಇಲ್ಲ. ತ್ರಿಭುಜಗಳ ಪಾಠ ತಿರುವ್ತಾ ಇದ್ದೆ, ಒಂದು ಲೆಕ್ಕದ ಮಧ್ಯದಲ್ಲಿ "ಪಕ್ಕದ ಚಿತ್ರ ನೋಡಿ" ಅಂತ ಬರೆದಿದಾಳೆ. ಪಕ್ಕದಲ್ಲಿ ಯಾವ ಚಿತ್ರಾನೂ ಇಲ್ಲ. ಗೈಡಲ್ಲಿ ಇತ್ತು, ಗೈಡಿಂದ ಇಳಿಸುವಾಗ ಚಿತ್ರ ಬಿಟ್ಟು ಸಾಲು ಮಾತ್ರ ಬಂದಿದೆ. ಅದರ ಕೆಳಗೇ ಕೆಂಪು ಇಂಕಲ್ಲಿ ಹಿಂದಿನ ವರ್ಷದ ಒಂದು ಟಿಕ್ ಮಾರ್ಕು ಸಹಿ ಬೇರೆ, ಅಕ್ಕನ ನೋಟ್‌ಬುಕ್ಕಲ್ಲಿ ಉಳಿದಿದ್ದ ಹಾಳೆಗಳನ್ನೇ ಮುಂದುವರಿಸಿದ್ಲು ಪಾಪ. ಈ ಹುಡುಗಿನ ಸೋಮಾರಿ ಅಂತ ಯಾರು ಹೇಳ್ತಾರೆ, ರಾತ್ರಿ ಹತ್ತರವರೆಗೂ ಕೂತು ಬರೆದಿರ್ತಾಳೆ. ಬೆರಳು ನೋಯೋಷ್ಟು ಕೆಲಸ ಮಾಡಿದಾಳೆ, ತಲೆಗೆ ಒಂದು ಚೂರು ಕೆಲಸ ಬಿದ್ದಿಲ್ಲ, ಮತ್ತೆ ನಮ್ಮ ವ್ಯವಸ್ಥೆ ಅದಕ್ಕೆ ಪೂರ್ತಿ ಮಾರ್ಕ್ಸು ಕೊಡುತ್ತೆ.

ಕೊಡುತ್ತೆ ಅಂದ್ರೆ ಇಂಟರ್ನಲ್ಸ್‌ನಲ್ಲಿ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಎಸ್‌ಎಸ್‌ಎಲ್‌ಸಿ ಒಟ್ಟು 625 ಅಂಕ, ಪ್ರಥಮ ಭಾಷೆಗೆ 125 ಉಳಿದ ಐದಕ್ಕೆ ನೂರು ನೂರು, ಅದ್ರಲ್ಲಿ ಬರೆಯೋ ಪರೀಕ್ಷೆ 80 ಆದ್ರೆ 20 ಆಂತರಿಕ ಅಂಕ, ಅದು ವರ್ಷ ಪೂರ್ತಿ ನಡೆಯೋ ಎಫ್‌ಎಗಳಿಂದ, ಅಂದ್ರೆ ಸಣ್ಣ ಟೆಸ್ಟು ಚಟುವಟಿಕೆಗಳಿಂದ ಬರೋದು. ಕಾಗದದ ಮೇಲೆ ಬಹಳ ಒಳ್ಳೆ ಐಡಿಯಾ, ಹುಡುಗ ದಿನಾ ಏನು ಮಾಡಿದ ಅನ್ನೋದಕ್ಕೆ ಬೆಲೆ ಸಿಗ್ಬೇಕು ಅಂತ ತಾನೇ ಮಾಡಿದ್ದು. ನಡೆಯೋದು ಏನಂದ್ರೆ ಚಟುವಟಿಕೆ ಕೊಟ್ಟವನಿಗೂ 20, ಅಂಗಡಿಯಿಂದ ಚಾರ್ಟ್ ತಂದು ಅಂಟಿಸಿದವನಿಗೂ 20, ಏನೂ ಕೊಡದೇ ಇದ್ದವನಿಗೆ ಮನಸ್ಸು ಗಟ್ಟಿ ಮಾಡಿ 18. "ಕಮ್ಮಿ ಹಾಕಿ ಯಾಕ್ರೀ ಮಗುವಿನ ಭವಿಷ್ಯ ಹಾಳ್ಮಾಡ್ತೀರಾ" ಅನ್ನೋ ಒಂದು ಡೈಲಾಗಿಗೆ ಎಂಥಾ ಮೇಷ್ಟ್ರೂ ಕರಗ್ತಾರೆ. ಹುಡುಗ್ರು ದಡ್ಡರಲ್ಲ. ವರ್ಷವಿಡೀ ಕೂತು ಮಾಡಿದ ಪಕ್ಕದವನಿಗೂ ನನಗೂ ಎರಡೇ ಮಾರ್ಕ್ಸ್ ವ್ಯತ್ಯಾಸ ಅಂತ ಒಂಬತ್ತನೇ ಕ್ಲಾಸಲ್ಲೇ ಲೆಕ್ಕ ಹಾಕಿ ಮುಗಿಸಿರ್ತಾರೆ.

ಈಗ ಬರೆಯೋ ಪರೀಕ್ಷೆ ವಿಷ್ಯಕ್ಕೆ ಬರೋಣ, ನಮ್ಮ ಜಿಲ್ಲೆಯವರಿಗೆ ಇದು ಸ್ವಲ್ಪ ನೋಯೋ ಜಾಗ. 2023ರಲ್ಲಿ ಚಿತ್ರದುರ್ಗ ಇಡೀ ರಾಜ್ಯಕ್ಕೆ ಫಸ್ಟು, 96.80 ಪರ್ಸೆಂಟು, ಸಿಹಿ ಹಂಚಿದ್ದೇ ಹಂಚಿದ್ದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು, ನಮ್ಮ ಸ್ಥಾನ 21ಕ್ಕೆ ಹೋಯ್ತು. ನಮ್ಮದೊಂದೇ ಅಲ್ಲ, ರಾಜ್ಯದ ಫಲಿತಾಂಶನೇ 83.89ರಿಂದ 73.40ಕ್ಕೆ ಬಿತ್ತು, ಅದೂ ಗ್ರೇಸ್ ಮಾರ್ಕ್ಸನ್ನ 10ರಿಂದ 20 ಪರ್ಸೆಂಟಿಗೆ ಏರಿಸಿ ಎತ್ತಿ ಹಿಡಿದ ಮೇಲೆ. ಮುಂದಿನ ವರ್ಷ ಆ ಗ್ರೇಸ್ ತೆಗೆದ್ರು, ಪರೀಕ್ಷೆ-1ರಲ್ಲಿ, ಅಂದ್ರೆ ವರ್ಷದ ಮೊದಲನೇ ಪರೀಕ್ಷೇಲಿ, ರೆಗ್ಯುಲರ್ ಹುಡುಗ್ರದ್ದೇ 66.14. ಯಾವ ಸೆಂಟರಲ್ಲಿ ಏನು ನಡೀತಿತ್ತು ಅಂತ ಹೇಳೋಕೆ ನಾನು ಹೋಗಲ್ಲ, ಕೋವಿಡ್‌ನಲ್ಲಿ ಪ್ರೈಮರಿ ಕಳ್ಕೊಂಡ ಬ್ಯಾಚು ಅನ್ನೋದೂ ಇತ್ತು, ಪೇಪರ್ ಸ್ವಲ್ಪ ಟೈಟ್ ಆಗಿತ್ತು ಅನ್ನೋರೂ ಇದ್ರು. ಆದ್ರೆ ಒಂದು ಮಾತು, ಕ್ಯಾಮೆರಾ ಇಟ್ಟ ತಕ್ಷಣ ಹತ್ತು ಪರ್ಸೆಂಟ್ ಬೀಳೋದಾದ್ರೆ ಹಿಂದಿನ ಅಷ್ಟೂ ವರ್ಷ ಹುಡುಗ್ರಿಗೆ ದುಡಿಮೆ ಬಗ್ಗೆ ದೊಡ್ಡೋರು ಏನು ಕಲಿಸ್ತಾ ಇದ್ದೀವಿ? ಅಣ್ಣನಿಗೆ ಪರೀಕ್ಷೇಲಿ ಯಾರೋ ಹೇಳಿಕೊಟ್ರು ಅಂತ ಕೇಳಿಕೊಂಡು ಬೆಳೆದ ತಮ್ಮ ಕ್ಲಾಸಲ್ಲಿ ಯಾಕೆ ಬೆವರು ಸುರಿಸ್ಬೇಕು.

ಈಗ 2025-26ರಿಂದ ಪಾಸಾಗೋಕೆ 35 ಬದಲು ಒಟ್ಟು 33 ಪರ್ಸೆಂಟು ಸಾಕು, 625ಕ್ಕೆ 206, ಮತ್ತೆ ನೂರರ ಸಬ್ಜೆಕ್ಟಲ್ಲಿ ಇಂಟರ್ನಲ್ಸೂ ಸೇರಿ 30 ಬಂದ್ರೆ ಆಯ್ತು. ಸುದ್ದಿ ಬಂದ ಮಾರನೇ ದಿನಾನೇ ಲಾಸ್ಟ್ ಬೆಂಚಿಂದ ಒಬ್ಬ ಎದ್ದು, "ಸಾರ್, ಇಂಟರ್ನಲ್ಸ್ 20 ಇದ್ರೆ ಬರೆಯೋದ್ರಲ್ಲಿ 80ಕ್ಕೆ 10 ತಗೊಂಡ್ರೆ ಸಾಕಲ್ವಾ" ಅಂದ. ಸಮಾಂತರ ಶ್ರೇಢಿ ಲೆಕ್ಕಕ್ಕೆ ಈ ಸ್ಪೀಡು ಇದ್ದಿದ್ರೆ ನಾನು ರಿಟೈರ್ ಆಗಿ ಊರಿಗೆ ಹೋಗ್ತಿದ್ದೆ. (ಉಳಿದ ಸಬ್ಜೆಕ್ಟಲ್ಲಿ ಜಾಸ್ತಿ ತಗೊಂಡು 206 ಮುಟ್ಟಿಸ್ಬೇಕಪ್ಪಾ ಅಂದೆ, ಅದಕ್ಕೂ ಪ್ಲಾನ್ ಇತ್ತು ಅವನ ಹತ್ರ.) ಪಾಸಿಂಗ್ ಕಮ್ಮಿ ಮಾಡಿದ್ದು ತಪ್ಪು ಅಂತ ನಾನು ಪೂರ್ತಿ ಹೇಳಲ್ಲ, ಫೇಲಾದ ಹೆಣ್ಮಗಳನ್ನ ಆ ಬೇಸಿಗೇಲೇ ಮದುವೆ ಮಾಡೋ ಊರುಗಳಿವೆ ನಮ್ಮಲ್ಲಿ, ಪಾಸ್ ಅನ್ನೋ ಒಂದು ಕಾಗದ ಅವಳನ್ನ ಪಿಯುಸಿವರೆಗೆ ಉಳಿಸುತ್ತೆ. ಆದ್ರೆ ಇಂಟರ್ನಲ್ಸ್ ಹಿಂಗೇ ದಾನ ಮಾಡ್ತಾ ಇದ್ರೆ ಉಳಿದ ಹತ್ತಕ್ಕೆ ಏನು ಕಲಿಸೋದು.

ಅದಕ್ಕೇ ನಾನು ನನ್ನ ಕ್ಲಾಸಲ್ಲಿ ಭಾಷಣ ನಿಲ್ಲಿಸಿ ಸಣ್ಣ ಸಣ್ಣದು ಕೇಳೋಕೆ ಶುರು ಮಾಡಿದೀನಿ, ಜೂನ್‌ನಲ್ಲೇ, ಎಂಟನೇ ಕ್ಲಾಸಿಗೆ ಕಾಲಿಟ್ಟ ವಾರದಲ್ಲೇ. ಹೋಂವರ್ಕ್ ಮೂರೇ ಲೆಕ್ಕ, ಹದಿನೈದಲ್ಲ. ಹದಿನೈದು ಕೊಟ್ರೆ ಒಬ್ಬ ಮಾಡ್ತಾನೆ ಮೂವತ್ತು ಜನ ಬೆಳಗ್ಗೆ ಪ್ರೇಯರ್ ಮುಂಚೆ ಕಾಂಪೌಂಡ್ ಗೋಡೆ ಮೇಲೆ ಇಟ್ಕೊಂಡು ಇಳಿಸ್ತಾರೆ. ಆ ಮೂರನ್ನ ನಾನು ಕ್ಲಾಸಿಗೆ ಬಂದ ತಕ್ಷಣ ಬೆಂಚು ಬೆಂಚಿಗೆ ಹೋಗಿ ನೋಡ್ತೀನಿ, ಸಹಿ ಹಾಕಲ್ಲ, ಯಾವುದಾದ್ರೂ ಒಂದು ಸ್ಟೆಪ್ ಮೇಲೆ ಬೆರಳಿಟ್ಟು ಇದು ಎಲ್ಲಿಂದ ಬಂತು ಅಂತ ಕೇಳ್ತೀನಿ. ಇಳಿಸಿದವನು ಅಲ್ಲೇ ಸಿಕ್ಕಿಬೀಳ್ತಾನೆ, ಬೈಯೋದೇನೂ ಇಲ್ಲ, ಬೋರ್ಡ್ ಹತ್ರ ಬಂದು ಅದೇ ಲೆಕ್ಕ ನನ್ನ ಜೊತೆ ಮಾಡ್ಬೇಕು. ಹೋಂವರ್ಕ್ ಆಗಿಲ್ಲ ಅಂದ್ರೆ "ಮಾಡಿಲ್ಲ ಸಾರ್" ಅಂತ ಹೇಳೋ ಹಂಗಿಲ್ಲ, "ಇಲ್ಲಿಗಂಟ ಬಂತು ಸಾರ್, ಇಲ್ಲಿ ನಿಂತೋಯ್ತು" ಅಂತ ಹೇಳ್ಬೇಕು, ಆ ನಿಂತ ಜಾಗ ತೋರಿಸ್ಬೇಕು. ಮೊದಲು ಎಲ್ಲರೂ ನಕ್ಕರು, ಈಗ ಅದನ್ನ ಹೇಳೋಕೋಸ್ಕರನೇ ಎರಡು ಸಾಲಾದ್ರೂ ಮಾಡ್ಕೊಂಡು ಬರ್ತಾರೆ.

ವೈಟ್ನರ್ ಬಂದ್. ತಪ್ಪಾದ್ರೆ ಒಂದು ಗೆರೆ ಎಳಿ, ಕೆಳಗೆ ಮತ್ತೆ ಮಾಡು. ಇದಕ್ಕೆ ಹೆಣ್ಮಕ್ಕಳಿಂದ ಸಿಕ್ಕಾಪಟ್ಟೆ ವಿರೋಧ ಬಂತು, ನೋಟ್‌ಬುಕ್ ಗಲೀಜಾಗುತ್ತೆ ಅಂತ ಒಂದಿಬ್ಬರು ಅತ್ತೇಬಿಟ್ರು. ಆದ್ರೆ ಗಣಿತದಲ್ಲಿ ಸ್ಟೆಪ್‌ಗೆ ಮಾರ್ಕ್ಸು. ಗೋಪುರದ ಎತ್ತರ ಕಂಡುಹಿಡೀರಿ ಅನ್ನೋ ಲೆಕ್ಕದಲ್ಲಿ ಚಿತ್ರ ಬರೆದು ಉನ್ನತ ಕೋನ ಗುರುತಿಸಿ ಟ್ಯಾನ್ 60 ಅಂತ ಹಾಕಿದವನಿಗೆ ಕೊನೇ ಉತ್ತರ ತಪ್ಪಿದ್ರೂ ಸ್ವಲ್ಪ ಬಂದೇ ಬರುತ್ತೆ, ಖಾಲಿ ಬಿಟ್ಟವನಿಗೆ ವ್ಯಾಲ್ಯುಯೇಷನ್ ಮಾಡೋರು ಎಷ್ಟೇ ಒಳ್ಳೆಯವರಾದ್ರೂ ಎಲ್ಲಿಗೆ ಹಾಕ್ತಾರೆ. ತಪ್ಪು ಕಾಣಿಸ್ಬಾರ್ದು ಅನ್ನೋ ಹೆದರಿಕೆನೇ ಆ ಖಾಲಿ ಹಾಳೆಗೆ ಕಾರಣ, ಈರುಳ್ಳಿ ಹುಡುಗನದ್ದೂ ಅದೇ ಆಗಿತ್ತು.

ಇದನ್ನೆಲ್ಲ ಕೇಳೋ ಹಕ್ಕು ಬರ್ಬೇಕಾದ್ರೆ ನನ್ನ ಕಡೆಯಿಂದಲೂ ಒಂದಿಷ್ಟು ಆಗ್ಬೇಕಲ್ಲ. ಬೆಲ್ ಆದ್ಮೇಲೆ ನಾನು ಸ್ಟಾಫ್ ರೂಮಲ್ಲಿ ಕೂತಿದ್ರೆ ಅವರಿಗೆ ಟೈಮ್ ಬಗ್ಗೆ ಹೇಳೋಕೆ ಬಾಯಿ ಬರಲ್ಲ. ಟೆಸ್ಟ್ ಪೇಪರ್ ಒಂದು ವಾರದೊಳಗೆ ವಾಪಸ್ ಕೊಡ್ಬೇಕು, ತಿಂಗಳಾದ್ಮೇಲೆ ಕೊಟ್ರೆ ಅದು ರದ್ದಿ. ಇದು ಹೇಳಿದಷ್ಟು ಸುಲಭ ಅಲ್ಲ ಅಂತ ಸರ್ಕಾರಿ ಮೇಷ್ಟ್ರುಗಳಿಗೆ ಗೊತ್ತು, ಮಕ್ಕಳ ವಿವರ ಆನ್‌ಲೈನಲ್ಲಿ ತುಂಬೋ ಸ್ಯಾಟ್ಸ್ ಎಂಟ್ರಿ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಅದು ಸಾಲ್ದು ಅಂತ 2025ರ ದಸರಾ ರಜೇಲಿ ಜಾತಿ ಸಮೀಕ್ಷೆ, ಅಕ್ಟೋಬರ್ 18ರವರೆಗೂ ಸ್ಕೂಲೇ ಇಲ್ಲ. ಮನೆ ಮನೆ ಸುತ್ತುವಾಗ ಒಂದು ಲಾಭ ಆಯ್ತು ನಿಜ, ನನ್ನ ಹುಡುಗ್ರು ಓದೋ ಜಾಗ ನೋಡಿದೆ. ಜಾಗ ಅಂತ ಏನಿಲ್ಲ, ಟೀವಿ ಇರೋ ಒಂದೇ ಕೋಣೆ, ಅದ್ರಲ್ಲೇ ಎಲ್ಲರೂ.

ಅಪ್ಪಂದಿರು ಪೋಷಕರ ಸಭೆಗೆ ಬಂದ್ರೆ ಹೇಳೋದು ಒಂದೇ, "ನಾಲ್ಕು ಬಾರಿಸಿ ಸಾರ್, ನಾವೇನೂ ಕೇಳಲ್ಲ". ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ ಬೇಡ ಅನ್ನುತ್ತೆ ಅನ್ನೋದು ಒಂದು ಕಡೆ ಇರ್ಲಿ, ಹೊಡೆತಕ್ಕೆ ಹೆದರಿದ ಹುಡುಗ ಕಲಿಯೋದು ಸಿಕ್ಕಿಬೀಳದೇ ಇರೋದನ್ನ ಅಷ್ಟೇ. ನಾನು ಅವರಿಗೆ ಹೇಳೋದು, ಹೊಲದ ಕೆಲಸ ಬೇಡ ಅಂತ ಹೇಳಲ್ಲಪ್ಪ, ಸುಗ್ಗಿಲಿ ಕೈ ಬೇಕು ಗೊತ್ತು, ಆದ್ರೆ ಸ್ಕೂಲ್ ದಿನ ಕಳಿಸ್ಬೇಡಿ, 75 ಪರ್ಸೆಂಟ್ ಹಾಜರಿ ಇಲ್ಲ ಅಂದ್ರೆ ಪರೀಕ್ಷೆಗೇ ಕೂರ್ಸೋಕಾಗಲ್ಲ, ಮತ್ತೆ ರಾತ್ರಿ ಏಳರಿಂದ ಎಂಟು ಟೀವಿ ಆಫ್ ಮಾಡಿ. ಮೊದಲನೇದಕ್ಕೆ ತಲೆ ಆಡಿಸ್ತಾರೆ. ಟೀವಿ ಅಂದ ತಕ್ಷಣ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡ್ಕೋತಾರೆ, ಧಾರಾವಾಹಿ ಟೈಮು.

ಇಂಟರ್ನಲ್ಸ್ ವಿಷ್ಯ ಮಾತ್ರ ನಂಗೆ ಇನ್ನೂ ಬಗೆಹರಿದಿಲ್ಲ. ನಾನೊಬ್ಬನೇ ನಿಜವಾದ ಮಾರ್ಕ್ಸ್ ಹಾಕಿ, ಪಕ್ಕದ ಊರಿನ ಸ್ಕೂಲು ಎಲ್ಲರಿಗೂ 20 ಹಾಕಿದ್ರೆ ಏಟು ಬೀಳೋದು ನನ್ನ ಹುಡುಗ್ರಿಗೆ. ಸದ್ಯಕ್ಕೆ ಒಂಬತ್ತನೇ ಕ್ಲಾಸಿಗೆ ಮಾತ್ರ ನಿಜವಾದ್ದು ಹಾಕ್ತಿದೀನಿ, 11 ಬಂದವನಿಗೆ 11, ಯಾಕೆ 11 ಅಂತ ಪಕ್ಕದಲ್ಲಿ ಎರಡು ಸಾಲು ಬರೆದು. ಹತ್ತನೇ ಕ್ಲಾಸಿಗೆ ಇದನ್ನೇ ಮಾಡೋ ಗಣಿತದವರು ಯಾರಾದ್ರೂ ಇದ್ರೆ ಹೆಚ್‌ಎಂ ಹತ್ರ ಹೆಂಗೆ ಒಪ್ಪಿಸಿದ್ರಿ ಅಂತ ದಯವಿಟ್ಟು ಹೇಳಿ.