ಫೋನು ಈಗ ಅಕ್ಕಿ ಡಬ್ಬದ ಮೇಲೆ

ಹೋದ ವಾರ ಒಲೆ ಮೇಲೆ ಹಾಲಿಟ್ಟು, ಒಂದೇ ಒಂದು ರೀಲ್ಸ್ ನೋಡೋಣ ಅಂತ ಕೂತೆ. ಸೀದ ವಾಸನೆ ಮೂಗಿಗೆ ಬಡಿದಾಗಲೇ ಎಚ್ಚರ. ಪಾತ್ರೆ ತಳ ಹಿಡಿದು ಕರ್ರಗಾಗಿತ್ತು. ಅಮ್ಮ ಏನೂ ಅನ್ನಲಿಲ್ಲ, ಪಾತ್ರೆ ಉಜ್ಜೋ ನಾರು ತಂದು ಕೈಗಿಟ್ಟು ಹೋದರು. ಅರ್ಧ ಗಂಟೆ ತಿಕ್ಕಿದೆ. ಅಷ್ಟೊತ್ತು ಏನು ನೋಡ್ತಿದ್ದೆ ಅಂತ ಎಷ್ಟು ಯೋಚಿಸಿದರೂ ಒಂದೂ ನೆನಪಾಗಲಿಲ್ಲ.

ಮುಂಚೆ ಇಂಟರ್ನೆಟ್‌ನಲ್ಲಿ ಪುಟಕ್ಕೊಂದು ಕೊನೆ ಅಂತ ಇರ್ತಿತ್ತು, 'ಮುಂದಿನ ಪುಟ' ಒತ್ತಬೇಕಿತ್ತು. ಅಲ್ಲಿ ಒಂದು ಕ್ಷಣ 'ಸಾಕು, ಏಳೋಣ' ಅನ್ನಿಸ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಆ ಕೊನೆಯನ್ನೇ ತೆಗೆದುಹಾಕಿ, ಎಳೆದಷ್ಟೂ ಬರ್ತಾನೇ ಇರೋ ವಿನ್ಯಾಸ ಮಾಡಿದ. ಆಮೇಲೆ ಅವನೇ ಅದಕ್ಕೆ ಪಶ್ಚಾತ್ತಾಪಪಟ್ಟ. ಅದರಿಂದ ನಮ್ಮ ಮನೆ ಹಾಲೇನೂ ವಾಪಸ್ ಬರಲ್ಲ ಬಿಡಿ.

ಈಗ ಸ್ಕ್ರೀನನ್ನ ಕಪ್ಪು-ಬಿಳುಪು ಮಾಡಿಟ್ಟಿದೀನಿ, ಸೆಟ್ಟಿಂಗ್ಸಲ್ಲಿ ಗ್ರೇಸ್ಕೇಲ್ ಅಂತ ಹುಡುಕಿದರೆ ಸಿಗುತ್ತೆ. ಬೂದಿ ಬಣ್ಣದ ಬಿರಿಯಾನಿ ನೋಡಿದರೆ ಹಸಿವೇ ಹೋಗುತ್ತೆ. ಜೊತೆಗೆ ಓದಿದವನೊಬ್ಬನ ಫಾರಿನ್ ಟ್ರಿಪ್ ಸ್ಟೇಟಸ್‌ಗಳನ್ನೂ ಮ್ಯೂಟ್ ಮಾಡಿದೆ. ಅವನದೇನೂ ತಪ್ಪಿಲ್ಲ, ಹೊಟ್ಟೆಕಿಚ್ಚು ನಂದೇ.

ರಾತ್ರಿ ಒಂಬತ್ತಾದ ಮೇಲೆ ಫೋನು ಅಡುಗೆಮನೆ ಅಕ್ಕಿ ಡಬ್ಬದ ಮೇಲೆ. ಬೆಳಿಗ್ಗೆ ಎಬ್ಬಿಸೋಕೆ ಅಪ್ಪನ ಹಳೇ ಕೀ ಕೊಡೋ ಅಲಾರಂ. ಅದರ ಟಿಕ್ ಟಿಕ್‌ಗೆ ಮೊದಲ ರಾತ್ರಿ ನಿದ್ದೇನೇ ಹತ್ತಲಿಲ್ಲ.

ನಿನ್ನೆ ರಾತ್ರಿ ಎರಡು ಸಲ ಎದ್ದು ಅಡುಗೆಮನೆಗೆ ಹೋದೆ. ನೀರು ಕುಡಿಯೋಕೆ ಅಂತ ಅಮ್ಮನಿಗೆ ಹೇಳಿದೀನಿ.