ಡೇಟೋನಾ ಪ್ರಾಕ್ಟೀಸ್, ಏಳನೇ ವಾರ: ಎಡಗಾಲಿಗೆ ಕೆಲಸ ಕಲಿಸ್ತಿದ್ದೀನಿ

ಐರೇಸಿಂಗ್ ಅನ್ನೋ ಕಂಪ್ಯೂಟರ್ ರೇಸ್ ಸಿಮ್ಯುಲೇಟರ್‌ನಲ್ಲಿ ಏಳು ವಾರದಿಂದ ಅಮೆರಿಕದ ಡೇಟೋನಾ ಬಿಟ್ಟು ಬೇರೆ ಟ್ರ್ಯಾಕ್ ಮುಟ್ಟಿಲ್ಲ. ನಾಸ್ಕರ್ ರೇಸಿನ ನೆಕ್ಸ್ಟ್ ಜೆನ್ ಕಾರು, ಸುತ್ತ ಕಂಪ್ಯೂಟರೇ ಓಡಿಸೋ ಎಐ ಕಾರುಗಳು, ದಿನಾ ರಾತ್ರಿ ಊಟ ಆದ್ಮೇಲೆ ಒಂದು ಗಂಟೆ. ಹೋದ್ಸಲ ಬರೆದಾಗ ಇದ್ದ ತೊಂದ್ರೆ ಇದು: ಪ್ಯಾಕ್ (ಒತ್ತೊತ್ತಾಗಿ ಓಡೋ ಕಾರುಗಳ ಗುಂಪು) ಒಳಗೆ ಮುಂದಿನ ಕಾರು ಹತ್ರ ಬಂತು ಅಂದ್ರೆ ನಾನು ಥ್ರಾಟಲ್, ಅಂದ್ರೆ ಆಕ್ಸಿಲರೇಟರ್, ಬಿಟ್ಬಿಡ್ತಿದ್ದೆ, ಬಿಟ್ಟ ಕ್ಷಣದಲ್ಲೇ ಹಿಂದಿನ ಕಾರು ಬಂದು ಬಂಪರ್‌ಗೆ ಗುದ್ದುತಿತ್ತು, ನಾನು ತಿರುಗಿ ಗೋಡೆಗೆ.

ಗಂಟೆಗೆ 190 ಮೈಲಿ ಅಂದ್ರೆ ಸೆಕೆಂಡಿಗೆ ಹತ್ತತ್ರ 85 ಮೀಟರ್. ಆ ಸ್ಪೀಡಲ್ಲಿ ಗಾಳಿ ಎಷ್ಟು ಎಳೀತದೆ ಅಂದ್ರೆ ಥ್ರಾಟಲ್ ಬಿಡೋದೇ ಒಂದು ಬ್ರೇಕ್. ಹೋದ ಸ್ಪೀಡು ವಾಪಸ್ ಬರೋಕೂ ತುಂಬಾ ಹೊತ್ತು ಬೇಕು, ಯಾಕಂದ್ರೆ ಇಲ್ಲಿ ಇಂಜಿನ್‌ನ ಬೇಕಂತಲೇ ಕಟ್ಟಿಹಾಕಿದಾರೆ. 1987ರಲ್ಲಿ ಟಲ್ಲಡೇಗಾ ಅನ್ನೋ ಇನ್ನೊಂದು ಟ್ರ್ಯಾಕಲ್ಲಿ ರೇಸರ್ ಬಾಬಿ ಆಲಿಸನ್ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಗೆ ಬಡೀತು, ಮುಂದಿನ ವರ್ಷದಿಂದ ಡೇಟೋನಾ, ಟಲ್ಲಡೇಗಾ ಎರಡರಲ್ಲೂ ರಿಸ್ಟ್ರಿಕ್ಟರ್ ಪ್ಲೇಟ್ ಬಂತು. 2019ರ ಡೇಟೋನಾ 500 ರೇಸ್ ಆದ್ಮೇಲೆ ಪ್ಲೇಟ್ ಹೋಗಿ ಟೇಪರ್ಡ್ ಸ್ಪೇಸರ್ ಬಂದಿದೆ, ಕೆಲಸ ಅದೇ, ಇಂಜಿನ್‌ಗೆ ಹೋಗೋ ಗಾಳಿ ಕಮ್ಮಿ ಮಾಡೋದು. ಬೇರೆ ಎಷ್ಟೋ ಕಡೆ 670 ಹಾರ್ಸ್‌ಪವರ್ ಇದ್ದ ಕಾರು ಇಲ್ಲಿ ಸುಮಾರು 510ಕ್ಕೆ ಇಳಿಯುತ್ತೆ. 31 ಡಿಗ್ರಿ ಬ್ಯಾಂಕಿಂಗ್ (ತಿರುವಲ್ಲಿ ಟ್ರ್ಯಾಕ್ ಒಳಕ್ಕೆ ವಾಲಿರೋದು) ಇರೋದ್ರಿಂದ ತಿರುವಿಗೆ ಅಂತ ನಿಧಾನ ಮಾಡೋ ಅಗತ್ಯಾನೇ ಇಲ್ಲ, ಬಲಗಾಲು ಪೂರ್ತಿ ಒತ್ಕೊಂಡೇ ಇರಬಹುದು, ಹಂಗಾಗಿ ಎಲ್ಲರೂ ಗುಂಪಲ್ಲೇ ಇರ್ತಾರೆ, ಗ್ಯಾಪ್ ನೋಡ್ಕೊಳೋದೇ ನಿಜವಾದ ಡ್ರೈವಿಂಗ್.

ನಾಲ್ಕನೇ ವಾರದಿಂದ ಕಲೀತಿರೋದು ಬ್ರೇಕ್ ಡ್ರ್ಯಾಗ್. ಬಲಗಾಲು ಫುಲ್ ಒತ್ತಿರೋ ಹಾಗೇ ಎಡಗಾಲಲ್ಲಿ ಬ್ರೇಕ್‌ನ ಸುಮ್ನೆ ಸವರೋದು. ಟೆಲಿಮೆಟ್ರಿಲಿ (ಕಾರಿನ ಡೇಟಾ ಗ್ರಾಫಲ್ಲಿ) ನೋಡಿದ್ರೆ ನಂಗೆ ಬೇಕಿರೋದು 4ರಿಂದ 6 ಪರ್ಸೆಂಟ್ ಬ್ರೇಕ್ ಅಷ್ಟೇ, ಮೊದಲು 20 ದಾಟ್ತಿತ್ತು. ಹಳೇ ಪೆಡಲ್ ಸೆಟ್‌ನ ಸೆನ್ಸಾರ್ ಜಂಪ್ ಆಗ್ತಿತ್ತು, ಕಾಲು ಅಲ್ಲಾಡದಿದ್ರೂ ಗ್ರಾಫ್ ಮೇಲೆ ಕೆಳಗೆ, ಎರಡು ವಾರ ಅದ್ರಲ್ಲೇ ಹಾಳಾಯ್ತು. ಈಗ ಲೋಡ್ ಸೆಲ್ ಪೆಡಲ್ ಹಾಕಿದೀನಿ, ಎಷ್ಟು ದೂರ ಒತ್ತಿದೆ ಅಂತಲ್ಲ, ಎಷ್ಟು ಬಲ ಹಾಕಿದೆ ಅಂತ ಅಳೀತದೆ, ಕಾಲಿಗೆ ಅದು ಬೇಗ ನೆನಪಿರ್ತದೆ.

ಇನ್ನೊಂದು ವಿಷ್ಯ, ಈ ಕಾರಿಗೆ ಬ್ರೇಕ್ ಲೈಟ್ ಇಲ್ಲ! ಮುಂದಿನವನು ಒತ್ತಿದಾನೋ ಇಲ್ವೋ ಅಂತ ಗೊತ್ತಾಗೋದು ಅವನ ಕಾರು ದೊಡ್ಡದಾಗಿ ಕಾಣೋಕೆ ಶುರುವಾದಾಗ್ಲೇ. ಅಪ್ಪ ವರ್ಷಾನುಗಟ್ಟಲೆ ಶಿರಾಡಿ ಘಾಟಲ್ಲಿ ಬಸ್ ಓಡಿಸಿದವರು, ಫೋನಲ್ಲಿ ಇದನ್ನ ಹೇಳಿದ್ರೆ "ಮುಂದಿನ ಗಾಡಿ ನೋಡ್ಕೊಂಡು ಓಡಿಸಬಾರ್ದು ಕಣೋ, ಅದರ ಮುಂದಿನದು ಏನ್ಮಾಡ್ತಿದೆ ನೋಡು" ಅಂದ್ರು. ಅವತ್ತಿಂದ ಎರಡು ಮೂರು ಕಾರು ಆಚೆ ನೋಡ್ತಿದೀನಿ, ಸಾಲು ಮುಂದೆ ಬಿಗಿಯಾಗ್ತಿದೆ ಅನ್ನೋದು ನಂಗೆ ಮುಟ್ಟೋ ಮೊದಲೇ ಕಾಣ್ತದೆ, ಒಂದು ಸಣ್ಣ ಡ್ರ್ಯಾಗ್ ಸಾಕಾಗ್ತದೆ. ನನ್ನ ಮೂಗು ಮುಂದಿನ ಕಾರಿಗೆ ತಾಗದಿದ್ರೂ ಮಧ್ಯದ ಗಾಳೀನೇ ಅವನನ್ನ ತಳ್ಳೋದು ಈಗ ಚೆನ್ನಾಗಿ ಗೊತ್ತಾಗ್ತಿದೆ.

ಆದ್ರೆ ಈ ವಾರ ಒಂದು ಹೊಸ ತಲೆನೋವು. ಬ್ರೇಕ್ ಡ್ರ್ಯಾಗ್ ಅಂದ್ರೆ ಫುಲ್ ಥ್ರಾಟಲಲ್ಲಿ ಪೆಟ್ರೋಲ್ ಸುಟ್ಟು ಅದನ್ನ ಬ್ರೇಕಲ್ಲಿ ಬಿಸಿ ಮಾಡಿ ಎಸೆದ ಹಾಗೆ. ಈಗಿನ ರೇಸಲ್ಲಿ ಮೊದಲ ಭಾಗ ಪೂರ್ತಿ ಇಂಧನ ಉಳಿಸೋದೇ ಆಟ, ಪಿಟ್‌ನಲ್ಲಿ (ರೇಸ್ ಮಧ್ಯೆ ಟೈರ್, ಪೆಟ್ರೋಲಿಗೆ ನಿಲ್ಲಿಸೋ ಜಾಗ) ಎರಡು ಟೈರ್ ಬದಲಾಯಿಸೋದಕ್ಕಿಂತ ಟ್ಯಾಂಕ್ ತುಂಬಿಸೋಕೆ ಜಾಸ್ತಿ ಹೊತ್ತು ಹಿಡಿಯುತ್ತೆ, ಕಮ್ಮಿ ತುಂಬಿಸ್ಕೊಂಡವನು ಮುಂದೆ ಬರ್ತಾನೆ. ಹಂಗಾಗಿ ಪ್ಯಾಕ್ ಮಧ್ಯದಲ್ಲಿ ಅರ್ಧ ಥ್ರಾಟಲಲ್ಲೇ ತೇಲ್ಕೊಂಡು ಹೋಗಬೇಕು. ಅಂದ್ರೆ ನಾನು ಬಿಡಿಸ್ಕೊಂಡ ಅಭ್ಯಾಸಾನೇ ಇನ್ನೊಂದು ರೀತಿಲಿ ಮತ್ತೆ ಕಲೀಬೇಕು: ಆಗ ಹೆದರಿ ಬಿಡ್ತಿದ್ದೆ, ಈಗ 55ರಿಂದ 60 ಪರ್ಸೆಂಟಲ್ಲಿ ಕಾಲು ನಿಲ್ಲಿಸಿ ಗ್ಯಾಪ್‌ನ ಥ್ರಾಟಲಲ್ಲೇ ಸರಿ ಮಾಡ್ಬೇಕು, ಕೊನೇ ಹದಿನೈದು ಲ್ಯಾಪ್‌ಗೆ ಮಾತ್ರ ಬಲಗಾಲು ಪೂರ್ತಿ ಒತ್ತಿ ಎಡಗಾಲಿಗೆ ಬದಲಾಯಿಸ್ಕೊಬೇಕು. ಈ ಬದಲಾವಣೆ ನಂಗೆ ಇನ್ನೂ ತಡವಾಗಿ ಆಗ್ತಿದೆ, ನಿನ್ನೆ ರಾತ್ರಿ ಎರಡು ಸಲ ಸಾಲಿಂದ ಕಳಚಿ ಒಂಟಿಯಾದೆ, ಡ್ರಾಫ್ಟ್ (ಬೇರೆ ಕಾರುಗಳ ಜೊತೆ ಓಡುವಾಗ ಗಾಳಿಯಿಂದ ಸಿಗೋ ಸಹಾಯ) ಇಲ್ದೆ ಒಂದೇ ಲ್ಯಾಪಲ್ಲಿ ಹತ್ತು ಜಾಗ ಹೋಯ್ತು.

ಪಿಟ್ ಎಂಟ್ರಿ ಇನ್ನೂ ಸರಿ ಹೋಗಿಲ್ಲ. ಮೂವತ್ತು ಲ್ಯಾಪ್ ಸರಿಯಾಗಿ ಮುಟ್ಟದ ಬ್ರೇಕ್‌ನ 190ರಿಂದ ಪಿಟ್‌ನ ಸ್ಪೀಡ್ ಮಿತಿ 55 ಮೈಲಿಗೆ ಇಳಿಸೋಕೆ ಒಮ್ಮೆಲೇ ಒತ್ತಿದ್ರೆ ಮುಂದಿನ ಚಕ್ರ ಲಾಕ್ ಆಗ್ತದೆ. ಈಗ ಬ್ಯಾಕ್‌ಸ್ಟ್ರೆಚಲ್ಲೇ (ಟ್ರ್ಯಾಕಿನ ಹಿಂಬದಿ ನೇರ ಭಾಗ) ಎರಡು ಸಲ ಮೆಲ್ಲಗೆ ತಟ್ಟಿ ಬಿಸಿ ಮಾಡ್ಕೊಂಡು, ಬ್ಯಾಂಕಿಂಗ್ ಇಳಿದು ಕಾರು ನೇರ ಆದ್ಮೇಲೆ ಗಟ್ಟಿಯಾಗಿ ಒತ್ತಿ ಆಮೇಲೆ ಬಿಡ್ತಾ ಬರೋದನ್ನ ಟ್ರೈ ಮಾಡ್ತಿದೀನಿ. ನಿನ್ನೆ ಹತ್ತರಲ್ಲಿ ಆರು ಸಲ ಪೆನಾಲ್ಟಿ ಇಲ್ದೆ ಬಂದೆ. ಮುಂದಿನ ವಾರ ಇದೊಂದೇ, ಹತ್ತಕ್ಕೆ ಒಂಬತ್ತು ಆಗೋವರೆಗೂ ಟಲ್ಲಡೇಗಾ ಕಡೆ ಹೋಗಲ್ಲ.