ಗಿಟಾರಿಗೆ ಎರಡು ಸ್ಯಾಡಲ್: ಮಳೆಗೊಂದು, ಬೇಸಿಗೆಗೊಂದು

ಜುಲೈ 6, ಮಂಗಳೂರು

ಗಿಟಾರಿನಲ್ಲಿ ಎಫ್ ಬಾರ್ ಕಾರ್ಡ್ (ತೋರುಬೆರಳೊಂದನ್ನೇ ಅಡ್ಡಲಾಗಿಟ್ಟು ಆರೂ ತಂತಿ ಒತ್ತುವ ಸ್ವರಗುಚ್ಛ) ಹಿಡಿದರೆ ಎರಡೇ ನಿಮಿಷಕ್ಕೆ ಆ ಬೆರಳು ಸೋಲುತ್ತಿದೆ. ಜನವರಿಯಲ್ಲೂ ಸುಲಭವೇನೂ ಇರಲಿಲ್ಲ, ಆದರೆ ಈಗ ಆಗುವುದೇ ಇಲ್ಲ. ಅಭ್ಯಾಸ ಸಾಲದೆಂದು ತಿಂಗಳಿಡೀ ಬೆರಳನ್ನು ದೂರಿದೆ. ಇಂದು ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದರೆ 12ನೇ ಫ್ರೆಟ್ಟಿನಿಂದ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ದಪ್ಪ ತಂತಿ 3.4 ಮಿ.ಮೀ., ಸಣ್ಣ ತಂತಿ 2.6 ಮಿ.ಮೀ. ಎತ್ತರದಲ್ಲಿವೆ. ತಂತಿಗಳೇ ತೀರ ಎತ್ತರ, ಬೆರಳಿನ ತಪ್ಪಲ್ಲ.

ಜುಲೈ 13

ರಿಪೇರಿ ಮಾಡುವವರ ಬಳಿ ಒಯ್ದೆ. ತಂತಿಗಳು ಕೂರುವ ಸಣ್ಣ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಉಜ್ಜಿ ತಗ್ಗಿಸಿಕೊಡಿ ಎಂದೆ. ಅವರು ಗಿಟಾರನ್ನು ಓರೆಯಾಗಿ ಬೆಳಕಿಗೆ ಹಿಡಿದು, "ನಿಮ್ಮ ಮನೆಯ ಬಾಗಿಲು ಈಗ ಸರಿಯಾಗಿ ಮುಚ್ಚುತ್ತದೆಯೇ?" ಎಂದು ಕೇಳಿದರು. ಇಲ್ಲ, ಆಟಿ (ತುಳುವರ ಮಳೆಗಾಲದ ತಿಂಗಳು) ಮುಗಿಯುವ ತನಕ ಭುಜ ಕೊಟ್ಟು ತಳ್ಳಬೇಕು. ಗಿಟಾರಿನ ಮೇಲ್ಹಲಗೆಯೂ ಅದೇ ರೀತಿ ತೇವ ಕುಡಿದು ಸ್ಯಾಡಲ್ ಕೂತಿರುವ ಬ್ರಿಜ್ಜಿನ ಹಿಂದೆ ಉಬ್ಬಿದೆ, ತಂತಿಗಳನ್ನು ಎತ್ತಿ ಹಿಡಿದಿದೆ.

ಅವರು ಮೊದಲು ಮುಟ್ಟಿದ್ದು ನೆಕ್ಕಿನ (ಕತ್ತಿನ) ಒಳಗಿರುವ ಲೋಹದ ಸರಳು ಟ್ರಸ್ ರಾಡನ್ನು. ಒಂದನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಹಿಡಿಕೆ) ಹಾಕಿ, 14ನೆಯದನ್ನು ಒತ್ತಿ, ನಡುವೆ ತಂತಿಗೂ ಫ್ರೆಟ್ಟಿಗೂ ಇರುವ ಸಂದಿಗೆ ಅದನ್ನು ಅಳೆಯುವ ಫೀಲರ್ ಗೇಜಿನ ತೆಳು ಹಾಳೆ ತೂರಿಸಿದರು: 0.45 ಮಿ.ಮೀ. ಕೀಲಿಯನ್ನು ಎಂಟನೇ ಒಂದು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಮತ್ತೆ ಅಳೆದರು. ಹೀಗೆ ಮೂರು ಸಲ ಮಾಡಿ 0.2ಕ್ಕೆ ತಂದರು. ಟ್ರಸ್ ರಾಡ್ ಇರುವುದು ನೆಕ್ಕಿನ ಬಾಗು ತಿದ್ದುವುದಕ್ಕೆ. ತಂತಿಯ ಎತ್ತರವನ್ನು ಅದರಿಂದಲೇ ಇಳಿಸಹೊರಟರೆ ನೆಕ್ ಹಿಂದಕ್ಕೆ ಬಾಗಿ ಮೊದಲ ಫ್ರೆಟ್ಟುಗಳಲ್ಲಿ ತಂತಿ ಗರಗರ ಎನ್ನುತ್ತದೆ. ಇದನ್ನು ಬಿಗಿಮಾಡಿದ ಮೇಲೆ ದಪ್ಪ ತಂತಿ 3.2 ಆಯಿತು, ಸಣ್ಣದು 2.4.

ಶ್ರುತಿ ಏರಿಸುವಾಗ ಮೂರನೇ ತಂತಿ ನಟ್ಟಿನಲ್ಲಿ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ಗೆರೆಗಳಿರುವ ಪಟ್ಟಿ) ಸಿಕ್ಕಿ ಟಿಣ್ ಎಂದು ಜಿಗಿಯುತ್ತಿತ್ತು. ಆ ಗೆರೆಯನ್ನು ಸಣ್ಣ ಅರದಿಂದ ನಾಲ್ಕೈದು ಸಲ ಉಜ್ಜಿ ಪೆನ್ಸಿಲ್ ಸೀಸ ಹಚ್ಚಿದರು. ವರ್ಷದ ಕಾಟ ಐದು ನಿಮಿಷದಲ್ಲಿ ಹೋಯಿತು.

ಹಳೆಯ ಪ್ಲಾಸ್ಟಿಕ್ ಸ್ಯಾಡಲನ್ನು ಮಾತ್ರ ಅವರು ಉಜ್ಜಲಿಲ್ಲ. "ಮಳೆಗಾಲದ ಅಳತೆಗೆ ಇದನ್ನು ಇಳಿಸಿದರೆ ಬೇಸಿಗೆಯಲ್ಲಿ ಏನು ಮಾಡುತ್ತೀರಿ?" ಎಂದು ಮೂಳೆಯ ಹೊಸದೊಂದನ್ನು ಕಡೆಯಲು ಒಪ್ಪಿಕೊಂಡರು.

ಜುಲೈ 20

12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ಇಳಿಯಬೇಕು. ಹೊಸದು ದಪ್ಪ ತಂತಿಯ ಕಡೆ ಹಳೆಯದಕ್ಕಿಂತ 1.6, ಸಣ್ಣ ತಂತಿಯ ಕಡೆ 1.2 ಮಿ.ಮೀ. ಗಿಡ್ಡ. ಈಗ 2.4 ಮತ್ತು 1.8. ಎಫ್ ಹಿಡಿದೆ, ಆರೂ ತಂತಿಗಳು ನುಡಿದವು. ಸಂಜೆಯೆಲ್ಲ ಬೇರೇನೂ ನುಡಿಸಲಿಲ್ಲ.

ಕೋಣೆಯ ತೇವಾಂಶ 86%. ಗಿಟಾರಿಗೆ ಹಿತವೆನಿಸುವುದು 45ರಿಂದ 55%. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟ ಮೇಲೆ 60ರ ಆಸುಪಾಸಿನಲ್ಲಿದೆ. ನುಡಿಸಿದ ಮೇಲೆ ತಂತಿ ಒರೆಸಿ ಪೆಟ್ಟಿಗೆಯಲ್ಲೇ ಇಡುತ್ತಿದ್ದೇನೆ. ಗೋಡೆಗೆ ತೂಗುಹಾಕುವುದನ್ನು ಬಿಟ್ಟೆ.

ಜನವರಿ 11

ಅವರು ಹೇಳಿದ್ದೇ ಆಯಿತು. ಮೇಲ್ಹಲಗೆ ತಗ್ಗಿದೆ. ದಪ್ಪ ತಂತಿ 2.0ಕ್ಕೆ ಬಂದು, ಜೋರಾಗಿ ಮೀಟಿದರೆ ಗರಗರ ಎನ್ನುತ್ತಿದೆ. ಎತ್ತಿಟ್ಟಿದ್ದ ಹಳೆಯ ಪ್ಲಾಸ್ಟಿಕ್ ಸ್ಯಾಡಲ್ ಹೊರತೆಗೆದೆ. ಬೇಕಿರುವುದು ಅಲ್ಲಿ 0.4 ಹೆಚ್ಚು, ಅಂದರೆ ಮೂಳೆಯದಕ್ಕಿಂತ 0.8 ಎತ್ತರ. ಗಾಜಿನ ಮೇಲೆ ಮರಳು ಕಾಗದ ಅಂಟಿಸಿ, ಪೆನ್ಸಿಲ್ ಗೆರೆ ಎಳೆದು, ತಳವನ್ನು ನೇರವಾಗಿ ಹಿಡಿದು ಉಜ್ಜಿದೆ. ಹತ್ತು ಸಲ ಉಜ್ಜುವುದು, ಒಮ್ಮೆ ಅಳೆಯುವುದು. ಮುಕ್ಕಾಲು ಗಂಟೆ ಹಿಡಿಯಿತು. 2.4 ಬಂತು, ಗರಗರ ನಿಂತಿತು.

ಮೂಳೆಯದು ಈಗ ಬೆಂಕಿಪೊಟ್ಟಣದಲ್ಲಿದೆ. ಮೇಲೆ 'ಮಳೆ' ಎಂದು ಬರೆದಿಟ್ಟಿದ್ದೇನೆ.